ಕೈ ಕೊಡಿ, ಮಿತ್ರರೇ

ಇಂದು ಬೆಳಿಗ್ಗೆ ಪತ್ರಿಕೆ ತರಲೆಂದು ಜಗಲಿಗೆ ಹೊರಟವನು ಹೊಸ್ತಿಲಿಗೆ ಎಡವಿದೆ. ಹೊಸ್ತಿಲು ಈ ಮನೆ ಕಟ್ಟಿದಂದಿನಿಂದ ಅಲ್ಲಿಯೇ ಇದೆ. ನನ್ನ ಕಾಲಿನ ಹೆಬ್ಬೆರಳು ನಾನು ಹುಟ್ಟಿದಂದಿನಿಂದ ನನ್ನ ಬಳಿಯೇ ಇದೆ. ಇವೆರಡರ ನಡುವೆ ಆಗಾಗ ಸಂಧಿಕಾರ್ಯ ನಡೆಯುವುದು, ಸಂಧಿಯಾದೊಡನೆ ನನ್ನ ಬಾಯಲ್ಲಿ ಒಂದು ಸ್ವರ ಆಗಮವಾಗುವುದು, ಇದೆಲ್ಲ ವ್ಯಾಕರಣಸಮ್ಮತವೇ. ಆದರೆ ಇಂದು ನಾನು ಆ ಸ್ವರವನ್ನೇ ಗಮನಿಸಿದೆ. ‘ಅಪ್ಪೇ’ ಎಂದು ಕೂಗಿದ್ದೆ. ತುಳುವರಲ್ಲದ ಓದುಗರಿಗೆ ಇಲ್ಲಿ ಒಂದು ಟಿಪ್ಪಣಿ ಅಗತ್ಯ: ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಘಟ್ಟದ ಮೇಲಿನಿಂದ ವರ್ಗವಾಗಿ ಬಂದ ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿದ ದಿನ, ತಾಯಿತಂದೆಯರನ್ನೇ ಅದಲುಬದಲು ಮಾಡಿಕೊಂಡಿರುವ ಜನರ ನಡುವೆ ಸಂಸಾರ ಹೂಡುವುದು ಹೇಗೆಂದು ನಿಜವಾಗಿಯೇ ಚಿಂತಿಸಿದರು.

ನಾನು ಉಡುಪಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತ. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳನ್ನು ಮಕ್ಕಳ ತಲೆಗೆ ತುಂಬುವುದಕ್ಕಾಗಿ ಸಂಬಳ ತಿನ್ನುವವನು. ಇಷ್ಟಾದರೂ ನನ್ನ ಹೆಬ್ಬೆರಳು ಮಾತ್ರ ಕನ್ನಡ ಕಲಿಯಲಿಲ್ಲವಲ್ಲ ಎಂದು ನೀವು ನಗಬಹುದು. ನಗಬೇಡಿ ಎನ್ನುವುದಿಲ್ಲ, ನಗುವವರ ನಡುವೆಯೇ ಬಾಳಿದವನು ನಾನು. ಆದರೆ ನನ್ನ ನೋವು ಒಮ್ಮೆ, ಒಂದೇ ಒಂದು ಸಲ, ಶುದ್ಧವಾದ ಕನ್ನಡದಲ್ಲಿ ಮಾತನಾಡಿತ್ತು. ಕರ್ತೃ, ಕ್ರಿಯೆ, ಸಂಬೋಧನೆ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿದ್ದವು. ಆ ಶುದ್ಧಿಯೇ ನನಗೆ ಮುಳುವಾಯಿತು.

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಕಡಿಯಾಳಿಯ ಒಂದು ಹೋಟೆಲಿನ ಮೂಲೆಯ ಮೇಜಿನಲ್ಲಿ ಪ್ರತಿ ಶನಿವಾರ ಸಂಜೆ ನಾವು ನಾಲ್ವರು ಕೂಡುತ್ತಿದ್ದೆವು. ಕಾರ್ಕಳದ ಲಿಗೋರಿ ರಸ್ತೆ ಕೆಲಸದ ಓವರ್‌ಸಿಯರ್. ಪೇಟೆಯ ಪಾಂಡುರಂಗ ಬ್ಯಾಂಕಿನಲ್ಲಿ ಗುಮಾಸ್ತ. ಸದಾನಂದನಿಗೆ ಮಣಿಪಾಲದ ಒಂದು ಹೊಸ ಕಚೇರಿಯಲ್ಲಿ ಕೆಲಸ. ನಾಲ್ಕನೆಯವನು ನಾನು. ಲಿಗೋರಿಯದು ಇಗರ್ಜಿಯ ಕೊಂಕಣಿ, ಪಾಂಡುರಂಗನದು ದೇವಸ್ಥಾನದ ಕೊಂಕಣಿ; ಅವೆರಡೂ ಎದುರಾದರೆ ಮುಗುಳ್ನಗುತ್ತಿದ್ದವೇ ಹೊರತು ಅಪ್ಪಿಕೊಳ್ಳುತ್ತಿರಲಿಲ್ಲ. ಸದಾನಂದನಿಗೂ ನನಗೂ ಮನೆಯಲ್ಲಿ ತುಳು. ಹೀಗಾಗಿ ನಮ್ಮ ಮೇಜಿನ ಭಾಷೆ ಕನ್ನಡವೆಂದು ತಾನಾಗಿಯೇ ಠರಾವಾಗಿತ್ತು. ಹಬ್ಬಕ್ಕೆ ಪೆಟ್ಟಿಗೆಯಿಂದ ತೆಗೆದ ಪಂಚೆಯಂತೆ ಅದು ಗರಿಗರಿಯಾಗಿದ್ದ ಕನ್ನಡ. ಅದಕ್ಕೆ ಇನ್ನಷ್ಟು ಗಂಜಿ ಹಾಕುವುದು ನನ್ನ ವಿನೋದವಾಗಿತ್ತು. ‘ಇನ್ನೊಂದು ಲೋಟ ಕಾಫಿಯನ್ನು ಅನುಗ್ರಹಿಸಬೇಕು’ ಎಂದು ನಾನು ಹೇಳಿದರೆ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಹೋಟೆಲಿನ ಯಜಮಾನರು ಕೂಡ ನಗುತ್ತಿದ್ದರು. ಬಸ್ಸಿನಲ್ಲಿ ಕಾಲು ತುಳಿದವನಿಗೆ ‘ಮಹನೀಯರೇ, ತಮ್ಮ ಪಾದಪದ್ಮವು ನನ್ನ ಪಾದದ ಮೇಲೆ ಅರಳಿದೆ’ ಎಂದದ್ದು ಪೇಟೆಯಲ್ಲೆಲ್ಲ ಹಬ್ಬಿತ್ತು. ಹಾಸ್ಯಗಾರನೆಂಬ ಹೆಸರು ಬಂದರೆ ಮತ್ತೆ ಅದನ್ನು ಕಳಚಿಡುವುದು ಎಷ್ಟು ಕಷ್ಟವೆಂದು ಆಗ ನನಗೆ ತಿಳಿದಿರಲಿಲ್ಲ.

ಭಾನುವಾರ ತಿರುಗಾಟ, ಮುಂದಿನ ಶನಿವಾರ ಅದರ ವರ್ಣನೆ: ಇದು ನಮ್ಮ ಪದ್ಧತಿ. ವರ್ಣನೆಗೆ ಪಾಂಡುರಂಗ ಒಂದು ಶಾಸನ ಮಾಡಿದ್ದ. ಬಿದ್ದವನು ಹೇಳಬಾರದು, ನೋಡಿದವನು ಹೇಳಬೇಕು. ‘ಬಿದ್ದವ ಹೇಳಿದರೆ ಅದು ದೂರು, ನೋಡಿದವ ಹೇಳಿದರೆ ಕಥೆ’ ಎನ್ನುವುದು ಅವನ ಅಲಂಕಾರಶಾಸ್ತ್ರ. ಬ್ಯಾಂಕಿನಲ್ಲಿ ಹಗಲಿಡೀ ತುಟಿ ಬಿಗಿದು ಕೂರುವ ಮನುಷ್ಯ ಶನಿವಾರ ಸಂಜೆ ಗೋಳಿಬಜೆಯ ತಟ್ಟೆ ಮುಂದಿಟ್ಟುಕೊಂಡು ಬಾಯಿ ತೆರೆದನೆಂದರೆ ಪಕ್ಕದ ಮೇಜಿನವರ ಚಟ್ನಿ ಒಣಗುತ್ತಿತ್ತು. ಆ ಶಾಸನವನ್ನು ನಾವೆಲ್ಲ ಒಪ್ಪಿಕೊಂಡೆವು. ಒಪ್ಪುವಾಗ ನಾವು ಯಾರೂ ಬಿದ್ದಿರಲಿಲ್ಲ.

ಮೊದಲು ಬಿದ್ದವನು ಲಿಗೋರಿ. ಕಾರ್ಕಳದ ಗೊಮ್ಮಟನ ಬೆಟ್ಟಕ್ಕೆ ಸೊಗಸಾದ ಮೆಟ್ಟಿಲುಗಳಿವೆ. ಆದರೆ ಆ ಊರಲ್ಲೇ ಹುಟ್ಟಿದವನು ಯಾತ್ರಿಕರಂತೆ ಮೆಟ್ಟಿಲು ಹತ್ತುವುದು ಅವಮಾನವೆಂದು ಅವನು ನಮ್ಮನ್ನು ಹಿಂಬದಿಯ ಬೋಳುಬಂಡೆಗೆ ಕರೆದೊಯ್ದ. ಹತ್ತಿದ್ದು ನಿಂತುಕೊಂಡು, ಇಳಿದದ್ದು ಕೂತುಕೊಂಡು. ಬಂಡೆಯ ಬುಡ ತಲುಪುವಾಗ ಅವನ ಷರಾಯಿಯ ಪೀಠಭಾಗ ಮೇಲೆಯೇ ಉಳಿದಿತ್ತು. ಆ ವಾರದ ನಡುವೆಯೇ ಬಂದ ಒಂದು ಹಬ್ಬದ ದಿನ ಕೂರಲಾರದೆ ಇಗರ್ಜಿಯ ಗೋಡೆಗೆ ಒರಗಿ ಪೂಜೆ ಮುಗಿಯುವವರೆಗೂ ನಿಂತೇ ಇದ್ದನಂತೆ. ಪಾದ್ರಿಗಳು ಅವನ ಭಕ್ತಿಯನ್ನು ಮೆಚ್ಚಿ ಬೆನ್ನು ತಟ್ಟಿದರಂತೆ. ಪಾಂಡುರಂಗ ಇದನ್ನು ಹೇಳುವಾಗ ನಾನು ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡೆ. ನಡುವೆ ಲಿಗೋರಿ, “ರಕ್ತ ಬಂದಿತ್ತು ಮಾರಾಯ, ಚಡ್ಡಿ ಅಂಟಿಕೊಂಡಿತ್ತು” ಎಂದು ಏನೋ ಹೇಳಲು ಹೊರಟ. “ಬಿದ್ದವ ಹೇಳುವ ಹಾಗಿಲ್ಲ” ಎಂದ ಪಾಂಡುರಂಗ. ಲಿಗೋರಿ ಚಟ್ನಿಯ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡ.

ಬಳಿಕ ಪಾಂಡುರಂಗನ ಸರದಿ ಬಂತು. ಮಣಿಪಾಲವೆಂದರೆ ಆಗ ಅರ್ಧ ಕಟ್ಟಡ, ಅರ್ಧ ಕೆಂಪು ಮುರಕಲ್ಲಿನ ಗುಡ್ಡ. ಅಲ್ಲಿ ಹುಲಿಯಿದೆಯೆಂಬ ವದಂತಿಯನ್ನು ಪರೀಕ್ಷಿಸಲು ಹೋದ ನಾವು ಪೊದೆ ಅಲುಗಿದ್ದನ್ನು ಕಂಡೆವು; ಪಾಂಡುರಂಗ ಕ್ಷಣಾರ್ಧದಲ್ಲಿ ಗೇರುಮರದ ಮೇಲಿದ್ದ. ಪೊದೆಯಿಂದ ಬಂದದ್ದು ಯಾರದೋ ಮನೆಯ ಕರು. ಗೇರುಮರದ ಎಲೆಗೂಡುಗಳಿಂದ ಬಂದದ್ದು ಕೆಂಜಿರುವೆ. ನೋಡಿದವನಾದ ನಾನು ಇದನ್ನು ಶನಿವಾರ ಹೇಳಿದೆ, ಚೆನ್ನಾಗಿಯೇ ಹೇಳಿದೆ. ಪಾಂಡುರಂಗ ನಕ್ಕ. ಆದರೆ ಅವನ ನಗು ಬಾಯಿಯ ಒಂದೇ ಬದಿಯಲ್ಲಿತ್ತು. ಇನ್ನೊಂದು ಬದಿ ಇರುವೆ ಕಡಿದು ಬಾತದ್ದರಿಂದ ಎಂದು ನಾನು ತಿಳಿದುಕೊಂಡೆ.

ಇನ್ನು ಕಾಪುವಿನ ಕಡಲತೀರ. ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ದೀಪಸ್ತಂಭದ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದೆವು. ನೀರು ಇಳಿದಿತ್ತು. ನಾನು ಅವಲಕ್ಕಿ ಮುಗಿಸಿ, ಸಮುದ್ರದೊಳಕ್ಕೆ ಚಾಚಿಕೊಂಡಿದ್ದ ಕಲ್ಲುಗಳ ಮೇಲೆ ಹೆಜ್ಜೆಯಿಡುತ್ತಾ ಹೋಗಿ, ಕೊನೆಯ ಕಲ್ಲಿನ ಮೇಲೆ ಕುಳಿತು, ಸಾಗರವನ್ನು ಕಂಡ ಪಂಡಿತರು ಮಾಡುವ ಕೆಲಸವನ್ನೇ ಮಾಡಿದೆ: ಸಾಗರಕ್ಕೆ ಪರ್ಯಾಯ ಪದಗಳನ್ನು ನೆನೆಸಿಕೊಂಡೆ. ಕಡಲು, ಜಲಧಿ, ವಾರಿಧಿ, ರತ್ನಾಕರ. ನಾನು ಪದ ಎಣಿಸುತ್ತಿರುವಾಗ ಪದಾರ್ಥವು ಏರುತ್ತಿತ್ತು. ಹಿಂದಿರುಗಲು ಎದ್ದಾಗ ನಡುವಣ ಕಲ್ಲುಗಳು ಕಾಣಲಿಲ್ಲ. ಅಂದಾಜಿನ ಮೇಲೆ ಕಾಲಿಟ್ಟೆ. ಪಾಚಿ ಜಾರಿಸಿತು. ಎರಡು ಬಂಡೆಗಳ ನಡುವಿನ ಕೊರಕಲಿಗೆ ಬಿದ್ದೆ, ಕಾಲಿಗೆ ನೆಲ ಸಿಗಲಿಲ್ಲ.

ನನಗೆ ಈಜು ಬಾರದು. ನೀರು ಒಳಕ್ಕೆ ಎಳೆದುಕೊಳ್ಳುವಾಗ ಆಗುವ ಭಯವನ್ನು ಅಲಂಕರಿಸಿ ಬರೆಯಲು ನಾನು ಸಿದ್ಧನಿಲ್ಲ. ಸಾಯುತ್ತೇನೆ ಎಂದು ತಿಳಿದಿತ್ತು, ಅಷ್ಟೇ. ತಲೆ ಮೇಲೆ ಬಂದಾಗ ಬಂಡೆಯ ಮೇಲೆ ಮೂವರು ಸ್ನೇಹಿತರು ಕಂಡರು. ಬಾಯಿ ಯಾರನ್ನು ಕಂಡಿತೋ ಅವರ ಭಾಷೆಯನ್ನು ಆಡಿತು. ‘ಮಿತ್ರರೇ, ನಾನು ಮುಳುಗುತ್ತಿದ್ದೇನೆ. ದಯವಿಟ್ಟು ಕೈ ಕೊಡಿ’ ಎಂದು ಕೂಗಿದೆ.

ಅವರು ಚಪ್ಪಾಳೆ ತಟ್ಟಿದರು.

ಇನ್ನೊಮ್ಮೆ ಮುಳುಗಿ ಎದ್ದೆ. ‘ಇದು ಪರಿಹಾಸವಲ್ಲ, ಮಿತ್ರರೇ’ ಎಂದೆ. ಇದಕ್ಕೆ ಮೊದಲಿನದಕ್ಕಿಂತ ದೊಡ್ಡ ನಗು ಕೇಳಿಸಿತು. ಅವರನ್ನು ದೂರುವುದಾದರೂ ಹೇಗೆ? ನಿಜವಾಗಿ ಸಾಯುವವನು ‘ಪರಿಹಾಸ’ ಎನ್ನುತ್ತಾನೆಯೇ? ಮೂರನೆಯ ವಾಕ್ಯವನ್ನು ಸಮುದ್ರ ಬಾಯಿಗೆ ಉಪ್ಪುನೀರು ತುಂಬಿ ತಡೆಯಿತು. ಆ ಮೇಲೆ ಒಂದು ಅಲೆ, ಒಳಗೆಳೆದದ್ದರಷ್ಟೇ ನಿರ್ವಿಕಾರವಾಗಿ, ನನ್ನನ್ನೆತ್ತಿ ಬಂಡೆಗೆ ಅಪ್ಪಳಿಸಿತು. ಕಲ್ಲಿಗಂಟಿದ ಚಿಪ್ಪುಗಳಿಗೆ ಎದೆ ತರಚಿ, ಅಂಗಿ ಹರಿದು, ಕೈಕಾಲೂರಿಕೊಂಡು ದಡದ ಕಡೆ ಬಂದೆ. ನೀರು ಮೊಣಕಾಲಿಗೆ ಇಳಿದಾಗ ಎದುರಿನಿಂದ ಮೂರು ಕೈಗಳು ಚಾಚಿದವು. ಮೂರನ್ನೂ ಹಿಡಿದುಕೊಂಡೆ. ಯಾವ ಕೈಯನ್ನೂ ತಿರಸ್ಕರಿಸುವ ಸ್ಥಿತಿಯಲ್ಲಿ ನಾನು ಇರಲಿಲ್ಲ.

ದಡದಲ್ಲಿ ಬಲೆ ಸರಿಪಡಿಸುತ್ತಿದ್ದ ಮೊಗವೀರರೂ ನನ್ನ ಕೂಗನ್ನು ಕೇಳಿದ್ದರು. ಅವರಲ್ಲೊಬ್ಬ ಹಿರಿಯ ತಲೆಯ ಮುಂಡಾಸು ಬಿಚ್ಚಿ ನನ್ನ ಎದೆ ಒರೆಸುತ್ತಾ ತುಳುವಿನಲ್ಲಿ ಹೇಳಿದ್ದರ ಅರ್ಥ ಇಷ್ಟು: ನೀವು ಕನ್ನಡದಲ್ಲಿ ಹೇಳಿದ್ದಲ್ಲವೇ, ಅದು ನಿಮ್ಮ ನಿಮ್ಮೊಳಗಿನ ಮಾತು ಅಂದುಕೊಂಡೆವು. ಅವರ ಭಾಷೆ, ನನ್ನ ತಾಯಿಯ ಭಾಷೆ, ನನ್ನ ನಾಲಿಗೆಯ ಬುಡದಲ್ಲೇ ಇತ್ತು. ಅದರಲ್ಲಿ ಒಂದು ಶಬ್ದ ಹೊರಟಿದ್ದರೆ ಕಡಲತೀರವೇ ಎದ್ದು ಬರುತ್ತಿತ್ತು. ನಾನು ಸ್ನೇಹಿತರನ್ನು ಕರೆದಿದ್ದೆ.

ತರಗತಿಯಲ್ಲಿ ನುಡಿಗಟ್ಟುಗಳ ಪಾಠ ಮಾಡುವಾಗ ನಾನು ಮಕ್ಕಳಿಗೆ ಹೇಳುವುದುಂಟು: ‘ಕೈ ಕೊಡು’ ಎಂದು ಬಿಡಿಸಿ ಬರೆದರೆ ನೆರವಾಗು ಎಂದರ್ಥ, ‘ಕೈಕೊಡು’ ಎಂದು ಕೂಡಿಸಿ ಬರೆದರೆ ನಂಬಿಸಿ ನಡುನೀರಿನಲ್ಲಿ ಬಿಡು ಎಂದರ್ಥ. ಒಂದು ಎಡೆಯಷ್ಟೇ ವ್ಯತ್ಯಾಸ. ಬಾಯಲ್ಲಿ ನೀರು ತುಂಬಿದವನು ಬಿಡಿಸಿ ಹೇಳಿದನೋ ಕೂಡಿಸಿ ಹೇಳಿದನೋ ಎಂದು ಕೇಳುವವರಿಗೆ ಗೊತ್ತಾಗುವುದು ಕಷ್ಟ. ನನ್ನ ಮಿತ್ರರು ಎರಡನೆಯ ಅರ್ಥವನ್ನು ಹಿಡಿದು ನನ್ನ ಕೋರಿಕೆಯನ್ನು ಅಕ್ಷರಶಃ ನಡೆಸಿಕೊಟ್ಟರು ಎಂದು ಕೆಲಕಾಲ ನನ್ನನ್ನೇ ನಗಿಸಿಕೊಂಡೆ.

ಮುಂದಿನ ಶನಿವಾರ ಪಾಂಡುರಂಗ ಕಥೆ ಹೇಳಿದ. ಇಷ್ಟು ವರ್ಷಗಳ ಮೇಲೂ ಒಪ್ಪಬೇಕು, ಅದು ಅವನ ಅತ್ಯುತ್ತಮ ಕೃತಿ. ಎರಡೂ ಕೈ ಮೇಲೆತ್ತಿ ‘ಮಿತ್ರರೇ’ ಎನ್ನುವಾಗ ನನ್ನ ಧ್ವನಿಯ ನಡುಕವೂ ಬರುತ್ತಿತ್ತು. ಹೋಟೆಲಿಗೆ ಹೋಟೆಲೇ ನಕ್ಕಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ. ಇಲಿಯೂ ಪಂಕ್ತಿಯಲ್ಲಿ ಕೂತು ನಗಬೇಕೆಂಬುದು ನಮ್ಮ ಮೇಜಿನ ವಿಶೇಷ. ಅಂಗಿಯ ಒಳಗೆ ಎದೆಯ ಗಾಯ ಹಸಿಯಾಗಿತ್ತು. ಬಿದ್ದವನು ಹೇಳುವಂತಿಲ್ಲ, ಆದ್ದರಿಂದ ನಾನು ಹೇಳಲಿಲ್ಲ. ಆದರೆ ಕಥೆ ಮುಗಿದ ಮೇಲೆ ಮೂವರಲ್ಲಿ ಒಬ್ಬನಾದರೂ, ಯಾರಾದರೂ ಸರಿ, ‘ನನಗೆ ಹೆದರಿಕೆಯಾಗಿತ್ತು’ ಎಂದು ಒಂದು ಮಾತು ಹೇಳಲಿ ಎಂದು ಕಾದೆ. ಅಷ್ಟೇ ನನಗೆ ಬೇಕಾಗಿದ್ದದ್ದು. ಅಷ್ಟರಿಂದಲೇ ನನ್ನ ಅಪಮಾನವೆಲ್ಲ ತೊಳೆದುಹೋಗುತ್ತಿತ್ತು ಎಂದು ಆಗ ನಂಬಿದ್ದೆ. ಲಿಗೋರಿ ಇನ್ನೊಂದು ಪ್ಲೇಟು ಬನ್ಸ್ ತರಿಸಿದ.

ಆಮೇಲೆ ಮೇಜಿಗೆ ಹೊಸಬರು ಬಂದಾಗಲೆಲ್ಲ ನನ್ನನ್ನು ಮುಳುಗಿಸಿ ಉಪಚರಿಸುವುದು ವಾಡಿಕೆಯಾಯಿತು. ಹೇಳಿದಂತೆಲ್ಲ ಕಥೆ ಏರಿತು, ನೀರು ಇಳಿಯಿತು. ಮೊದಲ ಸಲ ಆಳುದ್ದವಿದ್ದ ಕೊರಕಲು ಮಳೆಗಾಲದ ಹೊತ್ತಿಗೆ ಎದೆಮಟ್ಟವಾಗಿ, ಮರುವರ್ಷ ಸೊಂಟಕ್ಕೆ ಬಂದು, ಕೊನೆಗೆ ನಾನು ಪಾದ ಮುಳುಗದಷ್ಟು ನೀರಿನಲ್ಲಿ ನಿಂತು ‘ಮಿತ್ರರೇ’ ಎನ್ನತೊಡಗಿದೆ. ಕಥೆ ಶಾಲೆಯನ್ನೂ ತಲುಪಿತು. ನುಡಿಗಟ್ಟನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ ಎಂಬ ಪ್ರಶ್ನೆಗೆ ಒಂದು ಉತ್ತರಪತ್ರಿಕೆಯಲ್ಲಿ ‘ಪಂಡಿತರು ಕಾಪುವಿನಲ್ಲಿ ಕೈ ಕೊಡಿ ಎಂದರು’ ಎಂದಿತ್ತು. ವಾಕ್ಯ ಸರಿಯಾಗಿತ್ತು, ಪೂರ್ಣಾಂಕ ಕೊಟ್ಟೆ.

ಇಷ್ಟೆಲ್ಲ ಸಹಿಸಲು ನನ್ನಲ್ಲಿ ಒಂದು ಆಧಾರವಿತ್ತು. ನಾನು ಮುಳುಗುತ್ತಿದ್ದದ್ದು ಅವರಿಗೆ ಗೊತ್ತಾಗಲಿಲ್ಲ ಎಂಬುದೇ ಅದು. ನನ್ನ ಭಾಷೆಯೇ ನನ್ನನ್ನು ಮೋಸಗೊಳಿಸಿತು, ಸ್ನೇಹಿತರಲ್ಲ. ಊರುಗೋಲಿನಂತೆ ಈ ಮಾತನ್ನು ಹಿಡಿದುಕೊಂಡು ನಾನು ಪ್ರತಿ ಶನಿವಾರ ಕಡಿಯಾಳಿಗೆ ನಡೆಯುತ್ತಿದ್ದೆ.

ಕಳೆದ ವರ್ಷ ಸದಾನಂದ ಮಣಿಪಾಲದಿಂದ ಒಬ್ಬ ಹೊಸ ಡಾಕ್ಟರನ್ನು ಕರೆತಂದ. ಮೈಸೂರು ಕಡೆಯ ತರುಣ. ಪಾಂಡುರಂಗ ಯಥಾವತ್ತಾಗಿ ನನ್ನನ್ನು ನೀರಿಗಿಳಿಸಿದ, ಎಲ್ಲರೂ ನಕ್ಕರು, ಡಾಕ್ಟರು ಮಾತ್ರ ನಗಲಿಲ್ಲ. ನನ್ನ ಕಡೆಗೊಮ್ಮೆ ನೋಡಿ, “ಅಲ್ಲಾ, ಅವ್ರು ನಿಜವಾಗ್ಲೂ ಮುಳುಗ್ತಿದ್ರಾ?” ಎಂದು ಕೇಳಿದ. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

“ಎಂತ ಡಾಕ್ಟ್ರೇ, ಮುಳುಗುವವ ವ್ಯಾಕರಣ ನೋಡ್ತಾನಾ?” ಎಂದ ಪಾಂಡುರಂಗ. “ನಮಗೆ ಗೊತ್ತಾಗಲಿಕ್ಕೆ ದಾರಿಯೇ ಇರಲಿಲ್ಲ. ಅಲ್ವಾ ಸದಾನಂದ?”

ಸದಾನಂದ ಲೋಟದ ಕಾಫಿಯನ್ನು ಬಟ್ಟಲಿಗೆ ಸುರಿದ, ಬಟ್ಟಲಿನದನ್ನು ಲೋಟಕ್ಕೆ ಸುರಿದ. ಅದು ಆಗಲೇ ತಣಿದಿತ್ತು.

ಡಾಕ್ಟರನ್ನು ಬಸ್ಸು ಹತ್ತಿಸಿ ಸದಾನಂದನೂ ನಾನೂ ನಡೆದು ಬರುತ್ತಿದ್ದೆವು. ದೇವಸ್ಥಾನದ ಮುಂದೆ ಬಂದಾಗ ಅವನು ಚಪ್ಪಲಿ ಬಿಟ್ಟು ಕೈಮುಗಿದ. ಮತ್ತೆ ಚಪ್ಪಲಿ ಮೆಟ್ಟುತ್ತಾ, ನನ್ನ ಮುಖ ನೋಡದೆ, “ಒಂದು ವಿಷಯ ಹೇಳಲಿಕ್ಕುಂಟು ಪಂಡಿತರೇ. ನನಗೆ ಗೊತ್ತಾಗಿತ್ತು” ಎಂದ.

“ಎಂತದು?”

“ನೀವು ಎರಡನೇ ಸಲ ಕರೆದಾಗ. ನಿಮ್ಮ ಮುಖ ನೋಡಿದೆ. ನಾನು ಎದ್ದದ್ದು ಮಾರಾಯ್ರೆ. ಪಾಂಡುರಂಗ ನನ್ನ ಕೈ ಹಿಡಿದು ಎಳೆದ. ‘ಕೂತುಕೋ ಮಾರಾಯ, ಇನ್ನು ಎಂತ ಹೇಳ್ತಾರೆ ಕೇಳುವ’ ಅಂದ.”

“ಮತ್ತೆ?”

“ಮತ್ತೆ ಕೂತೆ.”

ಸ್ವಲ್ಪ ದೂರ ನಡೆದ ಮೇಲೆ ಅವನೇ, “ನನಗೆ ಹೆದರಿಕೆಯಾಗಿತ್ತು” ಎಂದ.

ನಾನು ವರ್ಷಗಟ್ಟಲೆ ಕಾದಿದ್ದ ಮಾತು ಅದೇ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ಮಾತು ಬಂದರೆ ಅದರ ಹಿಂದೆ ಇನ್ನೇನು ಬರುತ್ತದೆಂದು ಭಾಷೆಯನ್ನೇ ಬದುಕಾಗಿಸಿಕೊಂಡ ನಾನು ಒಮ್ಮೆಯಾದರೂ ಯೋಚಿಸಬೇಕಿತ್ತು. ಹೆದರಿದವನಿಗೆ ಗೊತ್ತಿತ್ತು, ಗೊತ್ತಿದ್ದವನು ಕೂತಿದ್ದ. ನನ್ನ ಕನ್ನಡ ಅವನನ್ನು ಮುಟ್ಟಿತ್ತು. ಅದರಲ್ಲಿ ಯಾವ ದೋಷವೂ ಇರಲಿಲ್ಲ. ನನಗೆ ಕೊಡಬೇಕಾಗಿದ್ದ ಕೈ ಆ ಹೊತ್ತಿನಲ್ಲಿ ಇನ್ನೊಬ್ಬನ ಕೈಯಲ್ಲಿತ್ತು. ಸದಾನಂದನಿಗೆ ನಾನು, ಪರವಾಗಿಲ್ಲ, ಹಳೆಯ ಮಾತು ಬಿಡಿ ಎಂದೆ. ಮನಸ್ಸು ಹಗುರವಾದವನಂತೆ ಅವನು ಬೇಗ ಬೇಗ ಹೆಜ್ಜೆ ಹಾಕಿದ. ಅವನ ಭಾರ ಇಳಿಯಿತು. ಅದು ಎಲ್ಲಿಗೆ ಇಳಿಯಿತೆಂದು ಅವನು ಹಿಂದಿರುಗಿ ನೋಡಲಿಲ್ಲ. ಪಾಂಡುರಂಗನ ಮೇಲೆ ನನಗೆ ಕೋಪ ಬಂತು, ಇಂದಿಗೂ ಇದೆ. ಸದಾನಂದನ ಮೇಲೆ ಬಂದದ್ದಕ್ಕೆ ನನ್ನ ನಿಘಂಟಿನಲ್ಲಿ ಶಬ್ದವಿಲ್ಲ.

ಆದರೂ ಶನಿವಾರ ಹೋಗುತ್ತೇನೆ. ಹೋಗದೆ ಏನು ಮಾಡಲಿ ಹೇಳಿ? ಈ ವಯಸ್ಸಿನಲ್ಲಿ ಹೊಸ ಸ್ನೇಹಿತರನ್ನು ಹುಡುಕುವುದು ಹೊಸ ಹಲ್ಲು ಹುಟ್ಟುವುದನ್ನು ಕಾದಂತೆ. ಗಂಜಿ ಹಾಕಿದ ಕನ್ನಡವನ್ನು ಮಾತ್ರ ಬಿಟ್ಟಿದ್ದೇನೆ. ಪಂಡಿತರಿಗೆ ವಯಸ್ಸಾಯಿತು, ಮೊದಲಿನ ತಮಾಷೆ ಇಲ್ಲ ಎಂದು ಪಾಂಡುರಂಗ ದೂರುತ್ತಾನೆ. ಕಥೆ ನಡೆಯುವಾಗ ಹೇಳುವವನನ್ನು ಬಿಟ್ಟು ಬಿದ್ದವನ ಮುಖ ನೋಡುವ ಒಂದು ಕೆಟ್ಟ ಚಾಳಿಯೂ ಅಂಟಿಕೊಂಡಿದೆ. ಮೊನ್ನೆ ಗೊಮ್ಮಟಬೆಟ್ಟದ ಕಥೆ ಮತ್ತೊಮ್ಮೆ ಆದಾಗ ಲಿಗೋರಿಯನ್ನು ಹೊರಗೆ ಕರೆದು, ಆಗ ಬಹಳ ನೋವಾಗಿತ್ತೇ ಎಂದು ಕೇಳಿದೆ. ನಾನು ಯಾವುದೋ ಹೊಸ ತಮಾಷೆ ಶುರುಮಾಡುತ್ತಿದ್ದೇನೆಂದು ಅವನು ಮೊದಲು ಸಂಶಯಪಟ್ಟ. ಆಮೇಲೆ, ಮಳೆಗಾಲದಲ್ಲಿ ಈಗಲೂ ತುರಿಸುತ್ತದೆ ಎಂದ.

ಹೊಸ್ತಿಲಿಗೆ ಹಿಂದಿರುಗೋಣ. ‘ಅಪ್ಪೇ’ ಎಂದು ನಾನು ಕೂಗಿದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಹೂವಿಗೆಂದು ಪಕ್ಕದ ಹಿತ್ತಲಿಗೆ ಹೋಗಿದ್ದಳು. ನನ್ನ ತಾಯಿ ತೀರಿಕೊಂಡು ಎಷ್ಟೋ ಕಾಲವಾಯಿತು, ಕರೆದರೆ ಬರುವವಳಲ್ಲ. ಬರಬಲ್ಲವರನ್ನು ಒಮ್ಮೆ ಕರೆದು ನೋಡಿದ ಮೇಲೆ, ಬರಲಾರದವಳನ್ನು ಕರೆಯುವುದೇ ವಾಸಿಯೆಂದು ನನ್ನ ಹೆಬ್ಬೆರಳು ತೀರ್ಮಾನಿಸಿರಬೇಕು. ಇಂದು ಶನಿವಾರ. ಸಂಜೆ ಕುಂಟುತ್ತಾ ಹೋದರೆ ಏನಾಯಿತೆಂದು ಪಾಂಡುರಂಗ ಆಸೆಯಿಂದ ಕೇಳುತ್ತಾನೆ, ತಟ್ಟೆ ಬದಿಗೆ ಸರಿಸುತ್ತಾನೆ. ನಾನು ಅವನ ಶಾಸನವನ್ನೇ ಅವನಿಗೆ ತೋರಿಸುತ್ತೇನೆ: ಬಿದ್ದವನು ಹೇಳುವಂತಿಲ್ಲ, ನೋಡಿದವರು ಯಾರೂ ಇಲ್ಲ. ಇದು ಕಥೆಯಾಗುವುದಿಲ್ಲ, ಬರೀ ನೋವು. ಅಷ್ಟರಮಟ್ಟಿಗೆ ಇದು ನನ್ನದು.